ಬಿಸಿಲು, ಮುಲಾಮು ಮತ್ತು ನನ್ನ ಎಡಗಿವಿ

ನನ್ನ ಎಡಗಿವಿಯ ಮೇಲ್ತುದಿ ಈಗ ಇಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಕತ್ತರಿಸಿ ತೆಗೆದಿದ್ದಾರೆ. ಮೊದಲ ಸಲ ನನ್ನನ್ನು ನೋಡುವವರ ಕಣ್ಣು ಅಲ್ಲಿಗೆ ಹೋಗುವುದು ತೀರ ತಡವಾಗಿ. ಅದಕ್ಕೂ ಮೊದಲು ಅವರಿಗೆ ನೋಡಲು ಬೇಕಾದಷ್ಟಿರುತ್ತದೆ. ನನ್ನ ಕೂದಲು ಹುಟ್ಟಿನಿಂದಲೂ ಒಣಹುಲ್ಲಿನ ಬಣ್ಣ. ಹುಬ್ಬು, ರೆಪ್ಪೆ ಬಿಳಿ. ಚರ್ಮಕ್ಕೆ ಬಣ್ಣ ಕೊಡುವ ಅಂಶ ನನ್ನ ಮೈಯಲ್ಲಿ ತಯಾರಾಗುವುದೇ ಇಲ್ಲ. ಡಾಕ್ಟರುಗಳು ಅದಕ್ಕೆ ಆಲ್ಬಿನಿಸಂ ಎನ್ನುತ್ತಾರೆ. ಅರಸೀಕೆರೆಯ ನಮ್ಮ ಬೀದಿಯವರು ಬಿಳಿ ವನಜಾ ಎನ್ನುತ್ತಿದ್ದರು. ಶಾಲೆಯ ಮಕ್ಕಳು ಇನ್ನೂ ಏನೇನೋ ಅನ್ನುತ್ತಿದ್ದರು. ಆ ಹೆಸರುಗಳನ್ನು ಇಲ್ಲಿ ಬರೆದು ಅವಕ್ಕೆ ಮರ್ಯಾದೆ ಕೊಡುವುದಿಲ್ಲ.

ಬರೆಯಬೇಕಾದದ್ದು ಕಿವಿಯ ಕಥೆ. ಬಿಸಿಲಿನಿಂದ ಬಂದ ಕ್ಯಾನ್ಸರಿನದು, ಅದು ಮತ್ತೆ ಬರಬಾರದೆಂದು ಹಚ್ಚಿಕೊಳ್ಳಲು ಕೊಟ್ಟ ಮುಲಾಮಿನದು, ಆ ಮುಲಾಮಿಗೇ ಹೆದರಿ ನಾನು ಕಳೆದ ತಿಂಗಳುಗಳದು.

ಅಪ್ಪನಿಗೆ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಲರ್ ಅಂಗಡಿ. ಬಿಸಿಲಿಗೆ ಹೋದರೆ ನನ್ನ ಮೈ ಕೆಂಪಾಗುತ್ತದೆಂದು ಅವರೇ ನನಗೆ ಮುಂಗೈವರೆಗೆ ಬರುವ ತೋಳಿನ ಅಂಗಿ ಹೊಲಿಯುತ್ತಿದ್ದರು. ಸುಟ್ಟ ಜಾಗಕ್ಕೆ ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ನಾಲ್ಕು ದಿನಕ್ಕೆ ಸಿಪ್ಪೆ ಎದ್ದು ಹೋಗುತ್ತಿತ್ತು. ಸಿಪ್ಪೆ ಹೋದರೆ ಬಿಸಿಲೂ ಹೋಯಿತು ಎಂದೇ ನಾವು ತಿಳಿದಿದ್ದೆವು. ಅದು ಒಳಗೆ ಉಳಿದುಕೊಳ್ಳುತ್ತದೆಂದು ನಮಗೆ ಯಾರೂ ಹೇಳಲಿಲ್ಲ. ಅಮ್ಮ ನಾನು ಹೈಸ್ಕೂಲಿನಲ್ಲಿರುವಾಗ ತೀರಿಕೊಂಡಳು. ಅವಳಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಒಳ್ಳೆಯದೇ ಆಯಿತೆಂದು ಒಮ್ಮೊಮ್ಮೆ ಅನಿಸುತ್ತದೆ.

ನನಗೆ ದೃಷ್ಟಿಯೂ ಕಡಿಮೆ. ದಪ್ಪ ಕನ್ನಡಕ ಹಾಕಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತೇನೆ. ಹಾಗೆ ಓದಿಯೇ ಶಿಕ್ಷಕಿಯ ತರಬೇತಿ ಮುಗಿಸಿ, ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೇಷ್ಟ್ರಮ್ಮನಾದೆ. ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಶಿವಣ್ಣ ನನ್ನನ್ನು ಒಪ್ಪಿ ಮದುವೆಯಾದರು. ಹೆಣ್ಣು ನೋಡಲು ಬಂದ ದಿನ ಉಳಿದವರೆಲ್ಲ ಪಿಸುಗುಡುತ್ತಿದ್ದಾಗ ಅವರ ತಾಯಿ ಪುಟ್ಟಮ್ಮ ಗಟ್ಟಿಯಾಗಿ ಹೇಳಿದ್ದರು: "ಬೆಳ್ಳಗಿದ್ರೇನು, ಕೆಲ್ಸ ಮಾಡಾಕೆ ಕೈಕಾಲು ನೆಟ್ಟಗವೆ ತಾನೆ? ಅಷ್ಟು ಸಾಕು ಬುಡಿ."

ಮದುವೆಯಾಗಿ ಎರಡನೇ ವರ್ಷ, ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಎಡಗಿವಿಯ ಮೇಲೆ ಒಂದು ಸಣ್ಣ ಗಾಯವಾಯಿತು. ಕನ್ನಡಕದ ಕಡ್ಡಿ ಕೂರುವ ಜಾಗದ ಹತ್ತಿರವೇ. ಕಡ್ಡಿ ಉಜ್ಜಿ ಆಗಿದೆ ಎಂದುಕೊಂಡೆ. ಕಡ್ಡಿಗೆ ಹತ್ತಿ ಸುತ್ತಿದೆ. ಅರಿಸಿನ ಹಚ್ಚಿದೆ, ಮೆಡಿಕಲ್ ಸ್ಟೋರಿನವರು ಕೊಟ್ಟ ಆಯಿಂಟ್‌ಮೆಂಟ್ ಹಚ್ಚಿದೆ. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ದಿಂಬಿನ ಮೇಲೆ ಒಂದು ತೊಟ್ಟು ರಕ್ತದ ಕಲೆ ಇರುತ್ತಿತ್ತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ಹೆದರುತ್ತಾರೆ? ಕನ್ನಡಕವನ್ನೇ ಬದಲಾಯಿಸಿದೆ. ಹೀಗೆ ನಾಲ್ಕು ತಿಂಗಳು ಹೋಯಿತು.

ಒಂದು ಭಾನುವಾರ ಅತ್ತೆ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದರು. ಅವರ ಬೆರಳು ಕಿವಿಯ ಹತ್ತಿರ ನಿಂತಿತು.

"ಇದೇನೇ ವನಜಾ, ಇಲ್ಲಿ ಗಂಟು ಇದ್ದಂಗೈತೆ?"

"ಕನ್ನಡಕ ಉಜ್ಜಿದ್ದು ಅತ್ತೆ."

ಅವರು ನನ್ನ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿ ಬಲಗಿವಿಯನ್ನೂ ಸವರಿ ನೋಡಿದರು. "ಕನ್ನಡ್ಕ ಎರಡು ಕಿವಿ ಮ್ಯಾಲೂ ಕುಂತಿರ್ತದೆ. ಆ ಕಡೇಲಿ ಯಾಕಿಲ್ಲ?"

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನಗೆ ನಾಲ್ಕು ತಿಂಗಳಲ್ಲಿ ಆ ಪ್ರಶ್ನೆ ಹೊಳೆದಿರಲಿಲ್ಲ. ಅತ್ತೆ ಅಂಗಳಕ್ಕೆ ಕೇಳುವಂತೆ ಮಗನನ್ನು ಕೂಗಿದರು. "ಲೋ ಶಿವಣ್ಣ, ನಾಳೀಕೆ ರಜ ಹಾಕ್ಲಾ. ಇವಳ್ನ ಹಾಸನಕ್ಕೆ ಕರ್ಕಂಡು ಹೋಗು."

ಹಾಸನದ ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು. ದುರ್ಬೀನಿನಂಥ ದಪ್ಪ ಗಾಜು ಹಿಡಿದು ತುಂಬ ಹೊತ್ತು ಕಿವಿಯನ್ನು ನೋಡಿದರು. ಆಮೇಲೆ ಗಾಜು ಕೆಳಗಿಟ್ಟು ನನ್ನ ಕುತ್ತಿಗೆಯನ್ನು, ದವಡೆಯ ಕೆಳಗನ್ನು ಬೆರಳಿನಿಂದ ಒತ್ತಿ ಒತ್ತಿ ಹುಡುಕಿದರು. ಏನು ಹುಡುಕುತ್ತಿದ್ದಾರೆಂದು ಕೇಳುವ ಧೈರ್ಯ ಬರಲಿಲ್ಲ. ಕಿವಿಯ ಗಾಯಕ್ಕೆ ಕುತ್ತಿಗೆ ಯಾಕೆ ಎಂದುಕೊಂಡೆ.

"ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಹತ್ತು ದಿನ ಬಿಟ್ಟು ಬನ್ನಿ," ಎಂದರು.

"ಏನಿರಬಹುದು ಮೇಡಂ?" ಎಂದು ಶಿವಣ್ಣ ಕೇಳಿದರು.

"ರಿಪೋರ್ಟ್ ಬರಲಿ."

ಆ ಹತ್ತು ದಿನ ನಾನು ಶಾಲೆಗೆ ಹೋದೆ, ಕಾಪಿ ಪುಸ್ತಕ ತಿದ್ದಿದೆ, ಹುಳಿ ಮಾಡಿದೆ. ಯಾರೂ ನೋಡದಾಗ ಅವರು ಒತ್ತಿದ ಜಾಗಗಳನ್ನೇ ನಾನೂ ಒತ್ತಿ ನೋಡುತ್ತಿದ್ದೆ. ಒಂದು ದಿನ ಏನೋ ಗಟ್ಟಿಯಾಗಿ ಸಿಕ್ಕಿತು. ಆಮೇಲೆ ನೋಡಿದರೆ ಅದು ಎರಡೂ ಕಡೆ ಇತ್ತು, ದವಡೆಯ ಮೂಳೆಯೇ.

ಹತ್ತನೇ ದಿನ ಹಾಸನದ ಡಾಕ್ಟರ ಬಾಗಿಲಿನ ಬೆಂಚಿನ ಮೇಲೆ ಕೂತಾಗ ಸುತ್ತಲೂ ನೋಡಿದೆ. ಹುಳುಕಡ್ಡಿ ತುರಿಸಿಕೊಳ್ಳುವವರು, ಮದುವೆಗೆ ಮುಂಚೆ ಮೊಡವೆ ಹೋಗಬೇಕೆಂದು ಬಂದ ಹುಡುಗ, ಕಾಲಿಗೆ ಇಸುಬಾದ ಅಜ್ಜ. ಇಲ್ಲಿ ಸಾಯುವವರು ಯಾರೂ ಇಲ್ಲ, ಎಲ್ಲ ಬರೀ ಚರ್ಮದ ರೋಗ ತಾನೆ ಎಂದು ಸಮಾಧಾನ ಹೇಳಿಕೊಂಡೆ. ನಮ್ಮ ಚೀಟಿ ಹದಿನೇಳನೆಯದು. ಐದನೆಯವರು ಒಳಗೆ ಹೋಗಿ ಬಂದ ಮೇಲೆ ನರ್ಸು ಹೊರಗೆ ಬಂದು ನನ್ನ ಹೆಸರು ಕರೆದಳು. ಮೊಡವೆಯ ಹುಡುಗ "ನಮ್ದು ಮೊದ್ಲು ಇತ್ತಲ್ಲ ಸಿಸ್ಟರ್" ಎಂದು ಜಗಳ ತೆಗೆದ. ಪಾಪ, ಅವನ ಜೊತೆ ಜಾಗ ಬದಲಾಯಿಸಿಕೊಳ್ಳಲು ನಾನು ಏನು ಬೇಕಾದರೂ ಕೊಡುತ್ತಿದ್ದೆ. ಮುಂಚೆಯೇ ಕರೆದದ್ದರಲ್ಲೇ ನನಗೆ ಉತ್ತರ ಗೊತ್ತಾಗಿ ಹೋಗಿತ್ತು.

"ಇದು ಚರ್ಮದ ಕ್ಯಾನ್ಸರ್," ಎಂದರು ಡಾಕ್ಟರು. "ಕುತ್ತಿಗೆಗೆ ಇಳಿದ ಹಾಗೆ ಕಾಣ್ತಿಲ್ಲ. ಬೆಂಗಳೂರಿಗೆ ಹೋಗಿ ಬೇಗ ತೆಗೆಸಿಬಿಡಿ."

ಶಿವಣ್ಣ ರಿಪೋರ್ಟ್ ಕೈಗೆ ತೆಗೆದುಕೊಂಡರು. ಕಚೇರಿಯಲ್ಲಿ ದಿನವಿಡೀ ಹೆಸರು, ವಿಳಾಸ ತಾಳೆ ನೋಡುವ ಮನುಷ್ಯ. ಬೆರಳಿಟ್ಟು ನನ್ನ ಹೆಸರು ಓದಿದರು, ವಯಸ್ಸು ಓದಿದರು, ಗಂಡನ ಹೆಸರೆಂಬ ಕಡೆ ತಮ್ಮ ಹೆಸರನ್ನೂ ಓದಿದರು. "ಮೇಡಂ, ಒಂದೊಂದ್ಸಲ ಕಾಗದ ಅದಲುಬದಲಾಗ್ತವೆ. ನಮ್ಮಲ್ಲಿ ಎಷ್ಟೋ ಸಲ ಆಗಿದೆ..." ಎಂದವರು ನಿಂತಲ್ಲೇ ಮತ್ತೆ ಮೊದಲಿನಿಂದ ಓದತೊಡಗಿದರು. ಡಾಕ್ಟರು ಅವರಿಗೆ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ ನೀರು ತರಿಸಿದರು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅಪ್ಪನ ಪಕ್ಕದಂಗಡಿಗೆ ಫೋನ್ ಮಾಡಿದೆವು. ಅಪ್ಪ ಬಂದು ರಿಸೀವರ್ ಹಿಡಿದು ಎಲ್ಲ ಕೇಳಿಸಿಕೊಂಡರು. "ಸರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಬೇಲೂರಿನ ನಮ್ಮ ಮನೆ ಬಾಗಿಲಲ್ಲಿದ್ದರು. ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿ ನನಗೆ ನಗು ಬಂತು, ಅವರು ಅತ್ತರು.

"ನಾನೇ ತಪ್ಪು ಮಾಡ್ದೆ ಮಗಾ. ತೋಳಿಗೆ ಬಟ್ಟೆ ಹೊಲ್ದೆ, ಕಿವೀಗೆ ಹೊಲೀಲಿಲ್ಲ."

ತಪ್ಪು ಹುಡುಕುವ ಕೆಲಸದಲ್ಲಿ ನಾನೂ ಹಿಂದೆ ಬಿದ್ದಿರಲಿಲ್ಲ. ಯಾವ ದಿನದ ಬಿಸಿಲು ಇದನ್ನು ಮಾಡಿತು? ಐದನೇ ಕ್ಲಾಸಿನಲ್ಲಿ ಹಳೇಬೀಡಿಗೆ ಪ್ರವಾಸ ಹೋಗಿದ್ದಾಗ ದೇವಸ್ಥಾನದ ಸುತ್ತಿನ ಆನೆಗಳ ಸಾಲು ದೂರದಿಂದ ಕಾಣದೆ, ಕಲ್ಲಿಗೆ ಮುಖ ತಾಗಿಸಿ ಒಂದೊಂದೇ ಆನೆ ನೋಡುತ್ತಾ ಮಧ್ಯಾಹ್ನವೆಲ್ಲ ನಡೆದಿದ್ದೆ. ಸಂಜೆ ಹೊತ್ತಿಗೆ ಕಿವಿ, ಕತ್ತು ಬೊಬ್ಬೆ ಎದ್ದಿತ್ತು. ಅದಾ? ಅಥವಾ ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತ ಅಷ್ಟೂ ಬೆಳಗುಗಳಾ? ಬಸ್ಸಿಗೆ ಕಾದ ಸಂಜೆಗಳಾ? ಅರಸೀಕೆರೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಕಿಟಕಿಯ ಶಟರ್ ಇಳಿಸಿ, ಬದುಕಿನಲ್ಲಿ ಬಿದ್ದ ಬಿಸಿಲನ್ನೆಲ್ಲ ಎಣಿಸುತ್ತಾ ಕೂತಿದ್ದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಿದ್ದಂತೆಯೇ ಆಪರೇಷನ್ ಮಾಡಿದರು. ಕಿವಿಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು. ನೋವು ಗೊತ್ತಾಗುವುದಿಲ್ಲ ಎಂದಿದ್ದರು, ಅದು ನಿಜ. ಆದರೆ ಸದ್ದು ಗೊತ್ತಾಗುತ್ತದೆಂದು ಯಾರೂ ಹೇಳಿರಲಿಲ್ಲ. ಕತ್ತರಿಸುವುದು ಕಿವಿಯನ್ನೇ ಆದ್ದರಿಂದ ಪ್ರತಿಯೊಂದು ಕರಕರವೂ ತಲೆಯೊಳಗೇ ಕೇಳುತ್ತಿತ್ತು. ಚಿಕ್ಕಂದಿನಿಂದ ಅಪ್ಪನ ಅಂಗಡಿಯಲ್ಲಿ ಕತ್ತರಿಯ ಸದ್ದು ಕೇಳುತ್ತಾ ಬೆಳೆದವಳು ನಾನು. ದಪ್ಪ ಬಟ್ಟೆ ಎಂದುಕೋ, ಅಷ್ಟೇ, ಎಂದು ಹೇಳಿಕೊಂಡೆ. ಮೇಲಿನ ದೀಪದ ಬೆಳಕು ನನ್ನ ಕಣ್ಣಿಗೆ ಚುಚ್ಚಿ ನೀರು ಸುರಿಯುತ್ತಿತ್ತು. ಅದನ್ನು ಅಳು ಎಂದುಕೊಂಡ ನರ್ಸೊಬ್ಬಳು "ಹೆದರ್ಬೇಡಿ" ಎಂದಳು. "ಹೆದರಿಕೆ ಅಲ್ಲ ಸಿಸ್ಟರ್, ಬೆಳಕು," ಎಂದೆ. ತಕ್ಷಣ ಹಸಿರು ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಣ್ಣ ಮೇಲಿಟ್ಟು, ಜಾರದ ಹಾಗೆ ಕೊನೆಯವರೆಗೂ ತನ್ನ ಅಂಗೈಯಿಂದ ಹಿಡಿದಿದ್ದಳು. ಅವಳ ಮುಖ ನಾನು ನೋಡಲೇ ಇಲ್ಲ. ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು.

ಕತ್ತರಿಸಿದ ತುಂಡಿನ ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎಂಬ ಇನ್ನೊಂದು ರಿಪೋರ್ಟಿಗೆ ಮತ್ತೆ ಕಾಯಬೇಕಾಯಿತು. ಅಂಚಿನಲ್ಲಿ ಏನೂ ಇಲ್ಲ ಎಂದು ಬಂತು. ಕನ್ನಡಕ ಎಡಗಡೆ ಕೂರದೆ ಜಾರತೊಡಗಿದಾಗ ಅಪ್ಪ ಅದಕ್ಕೊಂದು ಎಲಾಸ್ಟಿಕ್ ಪಟ್ಟಿ ಹೊಲಿದುಕೊಟ್ಟರು.

ಇನ್ನು ಮುಲಾಮಿನ ವಿಷಯ. ಹಾಸನದ ಡಾಕ್ಟರು ಸನ್‌ಸ್ಕ್ರೀನ್ ಎಂದು ಚೀಟಿ ಬರೆದುಕೊಟ್ಟರು. ಮನೆಯಿಂದ ಹೊರಡುವ ಮುಂಚೆ ಹಚ್ಚಬೇಕು, ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೇಲೂರಿನ ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ, ನನ್ನ ಮುಖ ನೋಡಿ, "ಬೆಳ್ಳಗಾಗೋ ಕ್ರೀಮಾ ಮೇಡಂ? ನಿಮಗ್ಯಾಕೆ?" ಎಂದ. ಅದು ಅಂಗಡಿಯಲ್ಲಿರಲಿಲ್ಲ. ಬೆಂಗಳೂರಿನಿಂದ ತರಿಸಲು ಎರಡು ವಾರವಾಯಿತು. ಬಂದದ್ದು ಹಲ್ಲುಜ್ಜುವ ಪೇಸ್ಟಿನ ಸಣ್ಣ ಟ್ಯೂಬಿನಷ್ಟು. ದುಬಾರಿ. ಮುಗಿದರೆ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಕಡಲೆಕಾಳಿನಷ್ಟು ತೆಗೆದು ಮುಖ, ಕಿವಿ, ಕತ್ತಿಗೆಲ್ಲ ಸವರಿಕೊಳ್ಳುತ್ತಿದ್ದೆ. ಬೆಳಿಗ್ಗೆ ಒಂದು ಸಲ. ಹಚ್ಚಿಕೊಂಡ ಮೇಲೆ ದೊಡ್ಡ ಧೈರ್ಯ. ಛತ್ರಿ ಮರೆತರೂ ಪರವಾಗಿಲ್ಲ ಎನ್ನುವಷ್ಟು ಧೈರ್ಯ.

ಅಪ್ಪನಿಗೆ ಆ ಟ್ಯೂಬಿನ ಮೇಲೆ ನಂಬಿಕೆಯಿರಲಿಲ್ಲ. ಅರಸೀಕೆರೆಯ ಬಟ್ಟೆ ಅಂಗಡಿಗಳಲ್ಲಿ ಒಂದೊಂದು ಥಾನನ್ನೂ ಬಾಗಿಲಿಗೆ ತಂದು ಸೂರ್ಯನಿಗೆ ಅಡ್ಡ ಹಿಡಿದು ನೋಡುತ್ತಿದ್ದರಂತೆ. "ಬೆಳಕು ತೂರಿದ್ರೆ ಬಿಸ್ಲೂ ತೂರ್ತದೆ," ಎನ್ನುವುದು ಅವರ ಲೆಕ್ಕ. ಕೊನೆಗೆ ಒತ್ತಾದ ಗಾಢ ನೀಲಿ ಬಟ್ಟೆಯಲ್ಲಿ ಕಿವಿ, ಕತ್ತು ಮುಚ್ಚುವ ಅಗಲ ಅಂಚಿನ ಟೋಪಿ ಹೊಲಿದರು. ಸೀರೆ ಉಟ್ಟ ಮೇಷ್ಟ್ರಮ್ಮನ ತಲೆ ಮೇಲೆ ಅಂಥ ಟೋಪಿಯನ್ನು ಗೆಂಡೆಹಳ್ಳಿ ಕಡೆ ಯಾರೂ ನೋಡಿರಲಿಲ್ಲ. ಮಕ್ಕಳು ಎರಡು ದಿನ ನಕ್ಕರು. ಮೂರನೇ ದಿನ ಮರೆತರು. ನಾನು ಮಾತ್ರ ನಾಚಿಕೆಯಿಂದ ಅದನ್ನು ಶಾಲೆಯ ಗೇಟಿನಲ್ಲೇ ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ಮುಲಾಮು ಇದೆಯಲ್ಲ ಎಂದು.

ಒಂದೂವರೆ ವರ್ಷದ ಮೇಲೆ ನಾನು ಬಸುರಿಯಾದೆ. ಐದನೇ ತಿಂಗಳಲ್ಲಿ ನಮ್ಮ ಶಾಲೆಯ ಸಾವಿತ್ರಿ ಟೀಚರ್ ಒಂದು ವಾರಪತ್ರಿಕೆಯ ಹಾಳೆ ತಂದುಕೊಟ್ಟರು. ಕೆಟ್ಟ ಮನಸ್ಸಿನಿಂದ ತಂದದ್ದಲ್ಲ, ನನ್ನ ಮೇಲಿನ ಕಾಳಜಿಯಿಂದಲೇ. "ನೋಡ್ರೀ ವನಜಾ, ಬಿಸಿಲಿಗೆ ಹಚ್ಚೋ ಕ್ರೀಮಿನಿಂದಲೇ ಕ್ಯಾನ್ಸರ್ ಬರತ್ತಂತೆ. ಅದರ ಕೆಮಿಕಲ್ಲು ರಕ್ತಕ್ಕೆ ಸೇರತ್ತಂತೆ. ನೀವು ಬೇರೆ ಈಗ ಒಬ್ಬರಲ್ಲ, ಇಬ್ಬರು."

ಹಾಳೆಯನ್ನು ಮೂಗಿಗೆ ತಾಗಿಸಿ ಮೂರು ಸಲ ಓದಿದೆ. ಯಾರು ಬರೆದದ್ದು, ಎಲ್ಲಿಂದ ತಿಳಿದದ್ದು, ಏನೂ ಇರಲಿಲ್ಲ. ಆದರೆ ಓದಿದ ಮೇಲೆ ಮುಖದ ಮೇಲಿನ ಮುಲಾಮು ಒಳಗೆ ಇಳಿಯುತ್ತಿರುವಂತೆ ಅನಿಸತೊಡಗಿತು. ಕೊಳಾಯಿಗೆ ಹೋಗಿ ಸೋಪು ಹಾಕಿ ತೊಳೆದೆ. ಅಂದಿನಿಂದ ಟ್ಯೂಬು ಬೀರುವಿನ ಹಿಂದೆ ಸೇರಿತು.

ಶಿವಣ್ಣನಿಗೆ ಗೊತ್ತಾಗಿ ಜಗಳವಾಯಿತು. "ಡಾಕ್ಟರನ್ನ ಒಂದ್ಮಾತು ಕೇಳೋಣ ವನಜಾ," ಎಂದರು.

"ಕೇಳಿದ್ರೆ ಹಚ್ಚಿ ಅಂತಾರೆ. ಮಗೂಗೆ ಏನಾದ್ರೂ ಆದ್ರೆ ಅವರು ಬರ್ತಾರಾ?"

"ನಿನಗೇನಾದ್ರೂ ಆದ್ರೆ?"

ಒಂದು ಕಡೆ ಹಚ್ಚಿದರೆ ಭಯ, ಇನ್ನೊಂದು ಕಡೆ ಹಚ್ಚದಿದ್ದರೆ ಭಯ. ಮನೆಯಿಂದ ಬಸ್ಸಿಗೆ ನಡೆಯುವ ಅಷ್ಟು ದೂರದಲ್ಲಿ ಎರಡೂ ಭಯ ಅಕ್ಕಪಕ್ಕ ನಡೆದುಬರುತ್ತಿದ್ದವು. ಡಾಕ್ಟರ ಹತ್ತಿರ ಹೋಗಬೇಕಿದ್ದ ತಪಾಸಣೆಯನ್ನೂ ಬಾಣಂತನ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ಬೈಸಿಕೊಳ್ಳುವ ಹೆದರಿಕೆ ಅಷ್ಟೇ.

ಮಗು ಹುಟ್ಟಿತು, ಹೆಣ್ಣು. ಹೆರಿಗೆ ಕೋಣೆಯಲ್ಲಿ ಎಲ್ಲರೂ ಮೊದಲು ನೋಡಿದ್ದು ಕೂದಲು. "ಕಪ್ಪು," ಎಂದಳು ಆಯಾ. ನನಗೆ ಜೀವ ಬಂದಂತಾಯಿತು. ಮರುಗಳಿಗೆಯೇ ನಾಚಿಕೆಯೂ ಆಯಿತು. ನನ್ನ ಹಾಗೆ ಹುಟ್ಟಿದ್ದರೆ ಏನಾಗುತ್ತಿತ್ತು? ನನ್ನನ್ನು ಅಪ್ಪ ಅಮ್ಮ ಸಾಕಲಿಲ್ಲವೇ? ಆ ಎರಡು ಭಾವನೆಗಳನ್ನು ಇವತ್ತಿಗೂ ನನಗೆ ಬೇರೆ ಮಾಡಲಾಗಿಲ್ಲ.

ಮಗು ಹಾಲು ಕುಡಿದು ನನ್ನ ಕೆನ್ನೆಗೆ ಬಾಯಿ ತಾಗಿಸಿ ಮಲಗುತ್ತಿತ್ತು. ಮುಲಾಮು ಹಚ್ಚುವ ಮಾತು ಇನ್ನೂ ದೂರವಾಯಿತು. ಮಗುವಿಗೆ ಮೂರು ತಿಂಗಳಾದಾಗ ಶಿವಣ್ಣ ನನ್ನ ಬಲಗೆನ್ನೆಯ ಮೂಳೆಯ ಮೇಲೆ ಬೆರಳಾಡಿಸಿ, "ಇಲ್ಲಿ ಒರಟಾಗಿದೆ," ಎಂದರು. ನಾನೂ ಮುಟ್ಟಿದೆ. ಉಪ್ಪುಕಾಗದದಂತೆ ತರಿತರಿ. ಕನ್ನಡಿಯಲ್ಲಿ ನೋಡಿದರೆ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ನನ್ನ ಮುಖದ ಮೇಲೇ ಇರುವುದು ನನಗೇ ಕಾಣದಿರುವುದು ಎಂಥ ಹಿಂಸೆ ಎಂದು ಆ ದಿನ ತಿಳಿಯಿತು.

ಹಾಸನಕ್ಕೆ ಮಗುವನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆವು. ಡಾಕ್ಟರು ಕೆನ್ನೆ ನೋಡಿದರು, ಕುತ್ತಿಗೆ ಒತ್ತಿದರು, ಕುರ್ಚಿಗೆ ಒರಗಿದರು.

"ಮುಲಾಮು ಹಚ್ತಿದ್ದೀರಾ?"

ಎಲ್ಲ ಹೇಳಿಬಿಟ್ಟೆ. ಹಾಳೆಯ ವಿಷಯ, ಮಗುವಿನ ಬಾಯಿಯ ವಿಷಯ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವರು ಕೇಳಿದ್ದು ಬೇರೆಯೇ. "ನಿಲ್ಲಿಸೋಕೆ ಮುಂಚೆ ಒಂದು ಟ್ಯೂಬ್ ಎಷ್ಟು ದಿನ ಬರ್ತಿತ್ತು?"

"ಏಳೆಂಟು ತಿಂಗಳು ಬರ್ತಿತ್ತು ಮೇಡಂ," ಎಂದೆ, ಜಾಣತನದಿಂದ ಉಳಿಸಿದ್ದೇನೆ ಎನ್ನುವ ದನಿಯಲ್ಲಿ.

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ವನಜಾ, ನೀವು ಯಾವತ್ತೂ ಹಚ್ಚಿಕೊಂಡೇ ಇಲ್ಲ. ಅದು ಒಂದು ತಿಂಗಳೂ ಬರಬಾರದು." ತಮ್ಮ ಮೇಜಿನ ಮೇಲಿದ್ದ ಟ್ಯೂಬಿನಿಂದ ಎರಡು ಬೆರಳಿನ ಉದ್ದಕ್ಕೂ ಗೆರೆ ಎಳೆದಂತೆ ಮುಲಾಮು ಹಿಂಡಿ ತೋರಿಸಿದರು. "ಮುಖಕ್ಕೆ, ಕತ್ತಿಗೆ ಇಷ್ಟು. ಕಿವಿ ಹಿಂದೆ ಬೇರೆ. ಬೆವರು ಒರೆಸಿದ ಮೇಲೆ ಮತ್ತೆ."

"ಅದು ರಕ್ತಕ್ಕೆ ಸೇರಲ್ವಾ?"

"ನೋಡಿ, ಬಿಸಿಲು ನಿಮಗೆ ಏನು ಮಾಡ್ತು ಅನ್ನೋದು ನಿಮ್ಮ ಕಿವೀಲೇ ಇದೆ. ಮುಲಾಮಿನಿಂದ ಯಾರಿಗಾದರೂ ಕ್ಯಾನ್ಸರ್ ಬಂತು ಅನ್ನೋದಕ್ಕೆ ನನಗೆ ಗೊತ್ತಿರೋ ಮಟ್ಟಿಗೆ ಆಧಾರ ಇಲ್ಲ. ಎಲ್ಲಾ ತಿಳಿದುಬಿಟ್ಟಿದೆ ಅಂತ ನಾನು ಹೇಳಲ್ಲ. ನಿಮಗೆ ಅಷ್ಟು ಅಳುಕಿದ್ರೆ ಸತುವಿನ ಪುಡಿ ಇರೋ ಮುಲಾಮು ಬರೆದುಕೊಡ್ತೀನಿ. ಅದು ಸುಣ್ಣ ಬಳಿದ ಹಾಗೆ ಚರ್ಮದ ಮೇಲೇ ಕೂತಿರುತ್ತೆ. ಮಗೂಗೆ ಹಾಲು ಕೊಡೋ ಮುಂಚೆ ಕೆನ್ನೆ ತೊಳ್ಕೊಳ್ಳಿ. ಭಯ ಆದ್ರೆ ನನ್ನ ಕೇಳಿ, ಬೀರು ಹಿಂದೆ ಇಡಬೇಡಿ."

"ಇದನ್ನ ಸರಿಯಾಗಿ ಹಚ್ಚಿದ್ರೆ ಇನ್ನು ಬರೋದೇ ಇಲ್ವಾ ಮೇಡಂ?"

"ಹಾಗಂತ ಮಾತು ಕೊಡಲ್ಲ. ಬರೋ ಸಾಧ್ಯತೆ ಕಡಿಮೆ ಮಾಡುತ್ತೆ. ಮೊದಲು ನೆರಳು, ಆಮೇಲೆ ಬಟ್ಟೆ, ಬಟ್ಟೆ ಮುಚ್ಚದ ಕಡೆ ಮುಲಾಮು. ಮುಲಾಮು ಹಚ್ಚಿದ್ದೀನಿ ಅಂತ ಬಿಸಿಲಲ್ಲಿ ನಿಲ್ಲೋ ಹಾಗಿಲ್ಲ."

ಗೇಟಿನಲ್ಲಿ ತೆಗೆದು ಚೀಲಕ್ಕೆ ಹಾಕುತ್ತಿದ್ದ ನೀಲಿ ಟೋಪಿ ನೆನಪಾಯಿತು.

ಅಷ್ಟು ಹೊತ್ತು ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದ್ದ ಅತ್ತೆ ಮುಂದೆ ಬಂದರು. "ಅಲ್ಲ ಕಣವ್ವ ಡಾಕ್ಟ್ರೇ, ಬಿಸ್ಲೇ ಬೀಳ್ದೇ ಇದ್ರೆ ಇವಳ ಮೂಳೆ ಸವೆದೋಗಲ್ವಾ? ಬಾಣಂತಿ ಬೇರೆ."

ಡಾಕ್ಟರು ಮೊದಲ ಸಲ ನಕ್ಕರು. "ಒಳ್ಳೇ ಪ್ರಶ್ನೆ ಅಜ್ಜಿ. ಅದಕ್ಕೆ ಮಾತ್ರೆ ಕೊಡ್ತೀನಿ. ಮೂಳೆಗೆ ಬೇರೆ ದಾರಿ ಇದೆ, ಇವರ ಚರ್ಮಕ್ಕೆ ಇಲ್ಲ."

ಕೆನ್ನೆಯಿಂದ ಚೂರು ತೆಗೆದು ಮತ್ತೆ ಪರೀಕ್ಷೆಗೆ ಕಳಿಸಿದರು. ಮತ್ತೆ ಹತ್ತು ದಿನ. ಮೊದಲ ಹತ್ತು ದಿನಕ್ಕಿಂತ ಇವು ಉದ್ದವಾಗಿದ್ದವು, ಯಾಕೆಂದರೆ ಈ ಸಲ ಮಡಿಲಲ್ಲಿ ಮಗುವಿತ್ತು. ಅದು ನಕ್ಕರೆ, ಇದು ನನ್ನ ಮುಖ ನೆನಪಿಟ್ಟುಕೊಳ್ಳುವ ವಯಸ್ಸಿನವರೆಗೆ ನಾನಿರುತ್ತೇನೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ಆ ಹತ್ತು ದಿನವೂ ಅಪ್ಪ ಅಂಗಡಿ ಬಾಗಿಲು ಹಾಕಿ ನಮ್ಮ ಮನೆಯಲ್ಲಿದ್ದರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. ಅತ್ತೆಯ ಹಳೇ ಸೀರೆಗಳಲ್ಲಿ ಮಗುವಿಗೆ ಕುಲಾವಿ ಹೊಲಿದರು, ಒಂದಾದ ಮೇಲೆ ಒಂದು. ಎಷ್ಟೆಂದರೆ ಕೊನೆಗೆ ಅತ್ತೆ, "ಬೀಗ್ರೇ, ಮಗೀಗಿರಾದು ಒಂದೇ ತಲೆ," ಎಂದರು.

ರಿಪೋರ್ಟಿಗೆ ಹೋದ ದಿನ ನಮ್ಮನ್ನು ಸರದಿಯಲ್ಲೇ ಕರೆದರು, ಮುಂಚೆ ಕರೆಯಲಿಲ್ಲ. ಅದಕ್ಕೇ ಅರ್ಧ ಜೀವ ಬಂದಿತ್ತು. ರಿಪೋರ್ಟಿನ ಪ್ರಕಾರ ಅದು ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿದ್ದ ಕಲೆ. ಹೊಗೆಯಾಡುವಷ್ಟು ತಣ್ಣಗಿನ ದ್ರವವನ್ನು ಅದರ ಮೇಲೆ ಸಿಂಪಡಿಸಿ ಸುಟ್ಟುಹಾಕಿದರು. ಕೆಂಡ ಇಟ್ಟಂತೆ ಉರಿಯಿತು, ಆಮೇಲೆ ಬೊಬ್ಬೆ ಬಂದು ಉದುರಿತು.

ಹೊರಡುವ ಮುಂಚೆ ಹತ್ತು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. "ನಾನು ನಿಲ್ಲಿಸಿದ್ದಕ್ಕೇ ಇದು ಬಂತಾ ಮೇಡಂ?"

"ಆ ಏಳೆಂಟು ತಿಂಗಳಲ್ಲಿ ಬಂದದ್ದಲ್ಲ ಇದು. ಚಿಕ್ಕಂದಿನಿಂದ ಬಿದ್ದ ಬಿಸಿಲನ್ನೆಲ್ಲ ಚರ್ಮ ಇಟ್ಟುಕೊಂಡಿರುತ್ತೆ. ಯಾವ ದಿನದ್ದು ಅಂತ ಹುಡುಕೋದು ಬಿಡಿ. ಇವತ್ತಿಂದು ಬೀಳದ ಹಾಗೆ ನೋಡ್ಕೊಳ್ಳಿ."

ಇದೆಲ್ಲ ಆಗಿ ಆರು ವರ್ಷವಾಯಿತು. ಶಾಲೆಯ ಪ್ರಾರ್ಥನೆಯನ್ನು ಅಂಗಳದ ನಡುವಿನಿಂದ ಕಟ್ಟಡದ ನೆರಳಿಗೆ ಸರಿಸಿ ಎಂದು ಹೆಡ್‌ಮಾಸ್ಟರನ್ನು ಕೇಳಲು ನಾನು ಒಂದು ವಾರ ಧೈರ್ಯ ಕೂಡಿಸಬೇಕಾಯಿತು. ಅವರು "ಮೊದಲೇ ಹೇಳೋದಲ್ವೇನಮ್ಮ" ಎಂದು ಮರುದಿನವೇ ಸರಿಸಿದರು. ಟೋಪಿ ಈಗ ಸಂಜೆವರೆಗೂ ತಲೆಯ ಮೇಲೇ ಇರುತ್ತದೆ. ಬಿಳಿ ಮುಲಾಮು ಗೋಡೆಗೆ ಬಳಿದಂತೆ ಕಾಣುತ್ತದೆ, ಕಾಣಲಿ. ಅದರ ಬಗ್ಗೆ ಹೊಸದೇನಾದರೂ ಪತ್ರಿಕೆಯಲ್ಲಿ ಬಂದರೆ ಈಗಲೂ ಮೂರು ಸಲ ಓದುತ್ತೇನೆ. ಆ ಹಾಳೆಯನ್ನು ಕತ್ತರಿಸಿಟ್ಟುಕೊಂಡು ಹಾಸನಕ್ಕೆ ಹೋದಾಗ ಡಾಕ್ಟರ ಮುಂದಿಡುತ್ತೇನೆ. ತಿಂಗಳಿಗೊಮ್ಮೆ ಶಿವಣ್ಣ ನನ್ನನ್ನು ಬೆಳಕಿರುವ ಬಾಗಿಲ ಬಳಿ ಕೂರಿಸಿ ಮುಖ, ಕತ್ತು, ಬೆನ್ನು ಎಲ್ಲ ನೋಡುತ್ತಾರೆ, ಕಚೇರಿಯ ಕಡತ ನೋಡುವಷ್ಟೇ ನಿಧಾನವಾಗಿ. ಈ ನಡುವೆ ಇನ್ನೂ ಎರಡು ಕಲೆ ಸಿಕ್ಕಿವೆ. ಎರಡನ್ನೂ ಸಣ್ಣದಿರುವಾಗಲೇ ತೆಗೆಸಿದೆವು. ಮುಂದೆಯೂ ಬರಬಹುದು. ಹಾಗೆಂದು ತಿಳಿದೇ ಬೆಳಿಗ್ಗೆ ಏಳುತ್ತೇನೆ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಹಾರನಹಳ್ಳಿ ಕಡೆಯ ಒಬ್ಬಳು ಚಿಕ್ಕ ವಯಸ್ಸಿನ ತಾಯಿ ಕೂತಿದ್ದಳು. ಮಡಿಲಿನ ಮಗುವಿಗೆ ಬೆವರಿಳಿಯುತ್ತಿದ್ದರೂ ಸೆರಗನ್ನು ಪೂರ್ತಿ ಹೊದಿಸಿದ್ದಳು. ಮಗು ಕೊಸರಾಡಿ ಸೆರಗು ಸರಿದಾಗ ನೋಡಿದೆ. ಒಣಹುಲ್ಲಿನ ಬಣ್ಣದ ಕೂದಲು, ಬಿಳಿ ರೆಪ್ಪೆ. ಹೆಣ್ಣುಮಗು. ಅವಳು ಗಡಿಬಿಡಿಯಲ್ಲಿ ಮತ್ತೆ ಮುಚ್ಚಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಕೂದಲು, ಟೋಪಿ, ಮುಖಕ್ಕೆ ಬಳಿದ ಮುಲಾಮು, ಕಿವಿ, ಎಲ್ಲವನ್ನೂ ನೋಡಿದಳು. ಏನು ಕೇಳಬಹುದೆಂದು ನನಗೆ ಗೊತ್ತಿತ್ತು. ಯಾವ ಮುಲಾಮು, ಎಲ್ಲಿ ಸಿಗುತ್ತದೆ, ಎಷ್ಟು ಹಚ್ಚಬೇಕು. ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

"ಅಕ್ಕ," ಎಂದಳು ಮೆಲ್ಲಗೆ, "ನಿಮಗೆ ಮದ್ವೆ ಆಗೈತಾ?"

"ಆಗೈತೆ ಕಣಮ್ಮ. ಒಬ್ಬಳು ಮಗಳಿದ್ದಾಳೆ. ನಾನು ಮೇಷ್ಟ್ರು."

ಅವಳ ಕಣ್ಣು ತುಂಬಿತು. ಮಗುವಿನ ತಲೆಯ ಮೇಲಿನ ಸೆರಗನ್ನು ತಾನೇ ತೆಗೆದಳು. ಫ್ಯಾನಿನ ಗಾಳಿ ಬಡಿದು ಮಗು ಕೊಸರಾಟ ನಿಲ್ಲಿಸಿತು. ಅಷ್ಟರಲ್ಲಿ ನರ್ಸು ನನ್ನ ಹೆಸರು ಕರೆದಳು. ಎದ್ದು ನಿಂತಾಗ ನನ್ನ ಬೆರಳು ತಾನಾಗಿಯೇ ದವಡೆಯ ಕೆಳಗೆ ಒತ್ತಿ ನೋಡುತ್ತಿದ್ದುದು ಆ ತಾಯಿಗೆ ಕಂಡಿರಬೇಕು.

"ಈಗ್ಲೂ ಹೆದ್ರಿಕೆ ಆಯ್ತದಾ ಅಕ್ಕ?"

"ಪ್ರತಿ ಸಲವೂ ಆಯ್ತದೆ," ಎಂದೆ. "ಆದ್ರೆ ಬಾ ಅಂದ ದಿನ ಬಂದ್ಬಿಡ್ತೀನಿ. ನೀನೂ ಬಂದ್ಬಿಡು."